ಕೈಫೋನಿನ ಕಿರುಸಾಧನಗಳು: ಉಪಯೋಗವೂ ಅಪಾಯವೂ

ದಿನಬಳಕೆಯ ವಸ್ತುಗಳಲ್ಲಿ ಚಿಕ್ಕವಾದವುಗಳ ಕಡೆಗೆ ನಮ್ಮ ಗಮನ ಹರಿಯುವುದು ಕಡಮೆ. ಕಪಾಟನ್ನೋ ಬೀಗವನ್ನೋ ಕೊಳ್ಳುವಾಗ ನಾಲ್ವರನ್ನು ವಿಚಾರಿಸುತ್ತೇವೆ. ಸೂಜಿಯನ್ನೋ ಬೆಂಕಿಪೆಟ್ಟಿಗೆಯನ್ನೋ ಕೊಳ್ಳುವಾಗ ಯಾರನ್ನೂ ವಿಚಾರಿಸುವುದಿಲ್ಲ. ಸ್ಮಾರ್ಟ್‌ಫೋನಿನ ವಿಷಯದಲ್ಲಿಯೂ ನಮ್ಮ ಜನರ ನಡೆವಳಿಕೆ ಹೀಗೆಯೇ ಇದೆ. ಯಂತ್ರವನ್ನು ಕೊಳ್ಳುವ ಮುನ್ನ ಹತ್ತು ಅಂಗಡಿಗಳನ್ನು ತಿರುಗುವವರು, ಅದರೊಳಗೆ ಒಂದು ಟಾರ್ಚನ್ನೋ ಒಂದು ಸ್ಕ್ಯಾನರನ್ನೋ ಸೇರಿಸಿಕೊಳ್ಳುವಾಗ ಕ್ಷಣಮಾತ್ರವೂ ಯೋಚಿಸುವುದಿಲ್ಲ. ಆದರೆ ಕಳೆದ ಹತ್ತು ಹನ್ನೆರಡು ವರ್ಷಗಳ ಅನುಭವವನ್ನು ಪರಿಶೀಲಿಸಿದರೆ, ಈ ಯಂತ್ರದೊಳಗೆ ಕಳ್ಳನು ನುಗ್ಗಿದುದು ಅನೇಕ ಸಲ ಇಂಥ ಕಿರುಸಾಧನಗಳ ಬಾಗಿಲಿನಿಂದಲೇ ಎಂಬುದು ತಿಳಿದುಬರುತ್ತದೆ. ಆ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ವಿವರಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಫೋನು ಇಂದು ಮಾತನಾಡುವ ಯಂತ್ರವಾಗಿ ಮಾತ್ರ ಉಳಿದಿಲ್ಲವೆಂಬುದು ಸರ್ವವಿದಿತ. ಬ್ಯಾಂಕಿನ ಲೆಕ್ಕ, ವೃದ್ಧಾಪ್ಯ ವೇತನ ಜಮೆಯಾದ ಸುದ್ದಿ, ಮಕ್ಕಳ ವಿದ್ಯಾರ್ಥಿವೇತನದ ಸಂದೇಶ, ಆಧಾರ್ ಪತ್ರದ ಚಿತ್ರ, ಬಂಧುಮಿತ್ರರ ಸಂಖ್ಯೆಗಳು, ಹೆಣ್ಣುಮಕ್ಕಳ ಭಾವಚಿತ್ರಗಳು, ಎಲ್ಲವೂ ಅದರೊಳಗಿವೆ. ಬ್ಯಾಂಕಿನವರು ಹಣ ತೆಗೆಯುವವನು ಯಜಮಾನನೇ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳಲು ಕಳುಹಿಸುವ ಗುಪ್ತಸಂಖ್ಯೆಯಾದ ‘ಓಟಿಪಿ’ಯೂ ಅದಕ್ಕೇ ಬರುತ್ತದೆ. ಹೀಗೆ ಪೆಟ್ಟಿಗೆಯೂ ಅದೇ, ಕೀಲಿಕೈಯೂ ಅದೇ ಆಗಿರುವ ವಸ್ತುವಿನೊಳಗೆ ಯಾರನ್ನು ಬರಗೊಡುತ್ತೇವೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಕೊರತೆ ಹುಟ್ಟಿದ ಬಗೆ

ಈ ಕಿರುಸಾಧನಗಳಿಗೆ ಇಷ್ಟೊಂದು ಬೇಡಿಕೆ ಬಂದುದೇಕೆ? ಇದಕ್ಕೆ ಫೋನು ತಯಾರಿಸಿದವರೇ ಬಹುಮಟ್ಟಿಗೆ ಹೊಣೆಗಾರರು. ಜನರಿಗೆ ದಿನವೂ ಬೇಕಾಗುವ ಸಾಧಾರಣ ಉಪಕರಣಗಳನ್ನು ಅವರು ಬಹುಕಾಲ ಒದಗಿಸಲಿಲ್ಲ. ಆಪಲ್ ಕಂಪೆನಿಯ ಐಫೋನು ೨೦೦೭ರಲ್ಲಿ ಹೊರಬಂತು. ೨೦೧೦ರಲ್ಲಿ ಅದರ ಬೆನ್ನಿಗೆ ಕ್ಯಾಮರಾದ ಜೊತೆಯಲ್ಲಿ ಒಂದು ಪುಟ್ಟ ದೀಪವನ್ನೂ ಕೂಡಿಸಿದರು. ಆದರೆ ಆ ದೀಪವನ್ನು ಟಾರ್ಚಿನಂತೆ ಹೊತ್ತಿಸುವ ಗುಂಡಿಯನ್ನು ಕಂಪೆನಿಯವರೇ ಕೊಟ್ಟುದು ೨೦೧೩ರಲ್ಲಿ. ಆಂಡ್ರಾಯ್ಡ್ ಫೋನುಗಳಲ್ಲಿ ಕೆಲವು ತಯಾರಕರು ಮುಂಚೆಯೇ ಟಾರ್ಚನ್ನು ಇಟ್ಟಿದ್ದರಾದರೂ, ಮೂಲವ್ಯವಸ್ಥೆಯಲ್ಲಿ ಅದು ಸೇರಿದುದು ೨೦೧೪ರ ಐದನೆಯ ಆವೃತ್ತಿಯಲ್ಲಿ. ಚೌಕಾಕಾರದ ಕ್ಯೂಆರ್ ಮುದ್ರೆಯನ್ನು ಓದುವ ಶಕ್ತಿ ಐಫೋನಿನ ಕ್ಯಾಮರಾಕ್ಕೆ ಬಂದುದು ೨೦೧೭ರಲ್ಲಿ. ಪರದೆಯ ಮೇಲಿನ ದೃಶ್ಯವನ್ನು ಚಿತ್ರೀಕರಿಸುವ ಸೌಕರ್ಯ ಆಂಡ್ರಾಯ್ಡ್ ಮೂಲವ್ಯವಸ್ಥೆಗೆ ಬಂದುದು ೨೦೨೦ರ ಹನ್ನೊಂದನೆಯ ಆವೃತ್ತಿಯಲ್ಲಿ. ಎಲ್ಲಕ್ಕಿಂತ ಸೋಜಿಗದ ಸಂಗತಿ ಐಪ್ಯಾಡಿನದು. ೨೦೧೦ರಲ್ಲಿ ಮಾರಾಟಕ್ಕೆ ಬಂದ ಆ ಯಂತ್ರದಲ್ಲಿ ಕೂಡುವ ಕಳೆಯುವ ಒಂದು ಲೆಕ್ಕಯಂತ್ರ ಬರುವುದಕ್ಕೆ ೨೦೨೪ರವರೆಗೆ ಕಾಯಬೇಕಾಯಿತು!

ಅಂಗಡಿಯಲ್ಲಿ ಉಪ್ಪು ದೊರೆಯದಿದ್ದರೆ ಜನರು ಉಪ್ಪಿಲ್ಲದೆ ಉಣ್ಣುವುದಿಲ್ಲ; ಬೀದಿಯಲ್ಲಿ ತಂದವನಿಂದ ಕೊಳ್ಳುತ್ತಾರೆ. ಬೆಳಗಿನ ಜಾವ ತೋಟಕ್ಕೆ ನೀರು ಬಿಡಲು ಹೋಗುವವನಿಗೆ ಬೆಳಕು ಬೇಕು. ಕಾಗದಪತ್ರಗಳ ಪ್ರತಿಯನ್ನು ಕಚೇರಿಗೆ ಕಳುಹಿಸುವವನಿಗೆ ಸ್ಕ್ಯಾನರು ಬೇಕು. ಆ ಬೇಡಿಕೆಯನ್ನು ಕಂಡು ಸಾವಿರಾರು ಜನ ‘ಆ್ಯಪು’ಗಳನ್ನು ರಚಿಸಿ ಧರ್ಮಾರ್ಥವಾಗಿ ಹಂಚಲು ತೊಡಗಿದರು. ಅವರಲ್ಲಿ ನಿಜವಾದ ಪರೋಪಕಾರಿಗಳೂ ಇದ್ದರು, ಇಂದಿಗೂ ಇದ್ದಾರೆ. ಆದರೆ ಧರ್ಮಾರ್ಥದ ಹೆಸರಿನಲ್ಲಿ ಬೇರೆ ವ್ಯಾಪಾರವನ್ನು ನಡೆಸಿದವರೂ ಹಲವರು.

ಟಾರ್ಚಿನ ಕಥೆ

ಅಮೆರಿಕದಲ್ಲಿ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಟಾರ್ಚಿನ ಆ್ಯಪೊಂದು ಪ್ರಸಿದ್ಧವಾಗಿತ್ತು. ಕೋಟ್ಯಂತರ ಸಲ ಅದನ್ನು ಜನರು ಇಳಿಸಿಕೊಂಡಿದ್ದರು. ಅದು ದೀಪವನ್ನೇನೋ ಹೊತ್ತಿಸುತ್ತಿತ್ತು. ಜೊತೆಗೆ ಫೋನಿನ ಯಜಮಾನನು ಎಲ್ಲಿದ್ದಾನೆಂಬ ನಿಖರವಾದ ಸ್ಥಳವನ್ನೂ ಆ ಫೋನಿನ ಗುರುತುಸಂಖ್ಯೆಯನ್ನೂ ಜಾಹೀರಾತಿನ ವ್ಯಾಪಾರಿಗಳಿಗೆ ರವಾನಿಸುತ್ತಿತ್ತು. ಒಪ್ಪಿಗೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಪರದೆಯ ಮೇಲೆ ತೋರಿಸುತ್ತಿದ್ದುದೂ ನಿಜವೇ. ಆದರೆ ಯಜಮಾನನು ಉತ್ತರ ಕೊಡುವ ಮೊದಲೇ ಮಾಹಿತಿ ಹೊರಟುಹೋಗಿರುತ್ತಿತ್ತು! ಅಲ್ಲಿನ ಸರಕಾರದ ಫೆಡರಲ್ ಟ್ರೇಡ್ ಕಮಿಷನ್ ಈ ವಂಚನೆಯನ್ನು ೨೦೧೩ರ ಡಿಸೆಂಬರಿನಲ್ಲಿ ಬಯಲಿಗೆ ತಂದು, ಹಾಗೆ ಸಂಗ್ರಹಿಸಿದ ಮಾಹಿತಿಯನ್ನೆಲ್ಲ ಅಳಿಸುವಂತೆ ಆ ಕಂಪೆನಿಯನ್ನು ಕಟ್ಟುಪಾಡಿಗೆ ಒಳಪಡಿಸಿತು.

ಅಷ್ಟಕ್ಕೆ ಜನರು ಎಚ್ಚತ್ತರೇ? ಆರು ವರ್ಷಗಳ ಬಳಿಕ, ೨೦೧೯ರಲ್ಲಿ, ಅವಾಸ್ಟ್ ಎಂಬ ಭದ್ರತಾ ಸಂಸ್ಥೆಯವರು ಗೂಗಲ್ ಪ್ಲೇ ಸ್ಟೋರಿನಲ್ಲಿ ಕಾಣಿಸಿಕೊಂಡಿದ್ದ ೯೩೭ ಟಾರ್ಚು ಆ್ಯಪುಗಳನ್ನು ಪರೀಕ್ಷಿಸಿದರು. ಸರಾಸರಿ ಒಂದೊಂದು ಆ್ಯಪೂ ೨೫ ಅನುಮತಿಗಳನ್ನು ಕೇಳುತ್ತಿತ್ತು. ಅವುಗಳಲ್ಲಿ ೨೬೨ ಆ್ಯಪುಗಳು ೫೦ರಿಂದ ೭೭ ಅನುಮತಿಗಳವರೆಗೆ ಕೇಳುತ್ತಿದ್ದುವು.

ಇಲ್ಲಿ ‘ಅನುಮತಿ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಫೋನಿನೊಳಗೆ ಪ್ರತಿಯೊಂದು ಆ್ಯಪಿಗೂ ಪ್ರತ್ಯೇಕವಾದ ಒಂದು ಕೋಣೆಯಿದೆ. ಆ ಕೋಣೆಯಿಂದ ಹೊರಬಂದು ಕ್ಯಾಮರಾ, ಮೈಕು, ಸಂದೇಶಗಳು, ವಿಳಾಸಪಟ್ಟಿ, ಸ್ಥಳಸೂಚಕ ಮುಂತಾದುವನ್ನು ಮುಟ್ಟಬೇಕಾದರೆ ಅದಕ್ಕೆ ಯಜಮಾನನ ಅಪ್ಪಣೆ ಬೇಕು. ೨೦೧೫ಕ್ಕೆ ಮುಂಚೆ ಆಂಡ್ರಾಯ್ಡಿನಲ್ಲಿ ಆ್ಯಪನ್ನು ಸೇರಿಸಿಕೊಳ್ಳುವಾಗಲೇ ಎಲ್ಲ ಅಪ್ಪಣೆಗಳನ್ನೂ ಒಟ್ಟಾಗಿ ಕೊಡಬೇಕಿತ್ತು. ಕೊಡದಿದ್ದರೆ ಆ್ಯಪೇ ಇಲ್ಲ. ಆ ವರ್ಷ ಬಂದ ಆರನೆಯ ಆವೃತ್ತಿಯಿಂದ, ಮುಖ್ಯವಾದ ಒಂದೊಂದು ಅಪ್ಪಣೆಯನ್ನೂ ಬೇರೆಬೇರೆಯಾಗಿ ಕೊಡುವ, ಕೊಟ್ಟದ್ದನ್ನು ಹಿಂದೆಗೆಯುವ ಅಧಿಕಾರ ಯಜಮಾನನಿಗೆ ಬಂದಿತು. ಅದೇ ಆವೃತ್ತಿಯಲ್ಲಿ ಇನ್ನೊಂದು ಸುಧಾರಣೆಯೂ ಆಯಿತು. ದೀಪವು ಕ್ಯಾಮರಾಕ್ಕೆ ಅಂಟಿಕೊಂಡಿರುವುದರಿಂದ ಅದುವರೆಗೆ ಟಾರ್ಚಿಗೂ ಕ್ಯಾಮರಾದ ಅಪ್ಪಣೆ ಬೇಕಾಗುತ್ತಿತ್ತು. ಅಲ್ಲಿಂದೀಚೆಗೆ ಅದೂ ಬೇಕಾಗಿಲ್ಲ. ಆದುದರಿಂದ ಇಂದು ದೀಪ ಹೊತ್ತಿಸುವ ಆ್ಯಪೊಂದು ‘ನಿಮ್ಮ ಸಂದೇಶಗಳನ್ನು ಓದಲೇ? ನೀವೆಲ್ಲಿದ್ದೀರೆಂದು ನೋಡಲೇ?’ ಎಂದು ಕೇಳಿದರೆ, ದೀಪ ಹಚ್ಚಲು ಬಂದವನು ಕಪಾಟಿನ ಬೀಗದಕೈಯನ್ನು ಕೇಳಿದಂತೆಯೇ ಸರಿ.

ಹುತ್ತಕ್ಕೆ ಹಾವು

ವಾಚಕರಲ್ಲಿ ಕೆಲವರು ‘ಲಕ್ಷಾಂತರ ಜನ ಬಳಸುವ, ವರ್ಷಗಟ್ಟಲೆ ಒಳ್ಳೆಯದಾಗಿ ನಡೆದ ಆ್ಯಪನ್ನು ನಂಬಬಹುದಲ್ಲವೇ?’ ಎಂದು ಕೇಳಬಹುದು. ಪ್ರಶ್ನೆ ಸಾಧುವಾದದ್ದೇ. ಉತ್ತರವನ್ನು ಎರಡು ನಿದರ್ಶನಗಳಿಂದ ಕೊಡುತ್ತೇವೆ.

‘ಬಾರ್‌ಕೋಡ್ ಸ್ಕ್ಯಾನರ್’ ಎಂಬ ಹೆಸರಿನ ಒಂದು ಆ್ಯಪನ್ನು ಒಂದು ಕೋಟಿಗೂ ಹೆಚ್ಚು ಸಲ ಜನರು ಇಳಿಸಿಕೊಂಡಿದ್ದರು. ಹಲವು ವರ್ಷ ಅದು ತನ್ನ ಕೆಲಸವನ್ನು ಮಾಡಿಕೊಂಡು ಸುಮ್ಮನಿತ್ತು. ೨೦೨೦ರ ಡಿಸೆಂಬರಿನಲ್ಲಿ ಬಂದ ಒಂದು ಪರಿಷ್ಕರಣದ ಅನಂತರ, ಅದಿದ್ದ ಫೋನುಗಳಲ್ಲಿ ಯಾರೂ ಮುಟ್ಟದೆಯೇ ಜಾಹೀರಾತಿನ ಪುಟಗಳು ತೆರೆದುಕೊಳ್ಳತೊಡಗಿದುವು. ಮಾಲ್‌ವೇರ್‌ಬೈಟ್ಸ್ ಸಂಸ್ಥೆಯವರು ೨೦೨೧ರ ಫೆಬ್ರವರಿಯಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಎರಡನೆಯದು ‘ಐರೆಕಾರ್ಡರ್’ ಎಂಬ, ಪರದೆಯನ್ನು ಚಿತ್ರೀಕರಿಸುವ ಆ್ಯಪು. ೨೦೨೧ರ ಸೆಪ್ಟೆಂಬರಿನಲ್ಲಿ ಅದು ಪ್ಲೇ ಸ್ಟೋರಿಗೆ ಬಂದಾಗ ಅದರಲ್ಲಿ ಯಾವ ದೋಷವೂ ಇರಲಿಲ್ಲ. ಸುಮಾರು ಒಂದು ವರ್ಷದ ಮೇಲೆ ಬಂದ ಪರಿಷ್ಕರಣದಲ್ಲಿ ದುಷ್ಟಭಾಗ ಸೇರಿಕೊಂಡಿತು. ಸುತ್ತಲಿನ ಮಾತುಗಳನ್ನು ಮೈಕಿನಿಂದ ಹಿಡಿದು ದೂರದ ಯಂತ್ರವೊಂದಕ್ಕೆ ಕಳುಹಿಸುವ ಶಕ್ತಿ ಅದಕ್ಕೆ ಬಂದಿತು. ಈಸೆಟ್ ಎಂಬ ಸಂಸ್ಥೆಯವರು ೨೦೨೩ರ ಮೇ ತಿಂಗಳಲ್ಲಿ ಇದನ್ನು ಪ್ರಕಟಿಸುವ ವೇಳೆಗೆ ೫೦,೦೦೦ಕ್ಕೂ ಹೆಚ್ಚು ಸಲ ಅದನ್ನು ಇಳಿಸಿಕೊಂಡಾಗಿತ್ತು. ಪರದೆಯ ಚಿತ್ರೀಕರಣಕ್ಕೆ ಮೈಕಿನ ಅಪ್ಪಣೆ ಸಹಜವಾದುದರಿಂದ ಯಾರಿಗೂ ಸಂಶಯ ಬರುವಂತಿರಲಿಲ್ಲ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ಗಾದೆ ಇಂಥಲ್ಲಿ ಅಕ್ಷರಶಃ ಸತ್ಯವಾಗಿದೆ. ಜನರ ವಿಶ್ವಾಸವನ್ನು ವರ್ಷಗಟ್ಟಲೆ ಕೂಡಿಸಿ ಕಟ್ಟಿದ ಮನೆಯೊಳಗೆ ಒಂದು ರಾತ್ರಿಯಲ್ಲಿ ವಿಷ ಹೊಕ್ಕಬಹುದು. ಇನ್ನೊಂದು ವಿಷಯವನ್ನೂ ಮರೆಯಲಾಗದು: ಗೂಗಲ್‌ನವರು ಇಂಥ ಆ್ಯಪನ್ನು ಅಂಗಡಿಯಿಂದ ತೆಗೆದುಹಾಕಿದ ಮಾತ್ರಕ್ಕೆ ಅದು ನಮ್ಮ ಫೋನಿನಿಂದಲೂ ತಾನಾಗಿಯೇ ಹೋಗಿಬಿಟ್ಟಿತೆಂದು ನಂಬುವಂತಿಲ್ಲ. ಅದನ್ನು ನಾವೇ ಹುಡುಕಿ ತೆಗೆಯಬೇಕಾಗಬಹುದು.

ಗುಡಿಸುವವರು, ಹಂಚುವವರು, ಪ್ರತಿ ತೆಗೆಯುವವರು

ಕಡತಗಳ ಪ್ರತಿ ತೆಗೆಯುವ ‘ಕ್ಯಾಮ್‌ಸ್ಕ್ಯಾನರ್’ ಎಂಬ ಆ್ಯಪನ್ನು ಹತ್ತು ಕೋಟಿಗೂ ಹೆಚ್ಚು ಸಲ ಜನರು ಇಳಿಸಿಕೊಂಡಿದ್ದರು. ೨೦೧೯ರ ಆಗಸ್ಟಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯವರು ಅದರಲ್ಲಿದ್ದ ಜಾಹೀರಾತಿನ ಒಂದು ಭಾಗದೊಳಗೆ ದುಷ್ಟ ತಂತ್ರಾಂಶ ಅಡಗಿರುವುದನ್ನು ಕಂಡುಹಿಡಿದರು. ಗೂಗಲ್ ಅದನ್ನು ತೆಗೆದುಹಾಕಿತು. ದೋಷವನ್ನು ನಿವಾರಿಸಿದ ಮೇಲೆ ಅದು ಮರಳಿ ಬಂದಿತು. ಮನೆಯನ್ನು ಕಟ್ಟಿದವನು ಸಜ್ಜನನಾದರೂ, ಅವನು ಬಾಡಿಗೆಗೆ ಕೊಟ್ಟ ಕೋಣೆಯವನು ದುರ್ಜನನಾಗಬಹುದೆಂಬುದಕ್ಕೆ ಇದು ಉದಾಹರಣೆ. ಕಡತಗಳನ್ನು ಜೋಡಿಸುವ ‘ಈಎಸ್ ಫೈಲ್ ಎಕ್ಸ್‌ಪ್ಲೋರರ್’ ಎಂಬುದರಲ್ಲಿ ೨೦೧೯ರ ಜನವರಿಯಲ್ಲಿ ಇನ್ನೊಂದು ಬಗೆಯ ದೋಷ ಕಂಡುಬಂತು. ಅದನ್ನು ಒಮ್ಮೆ ತೆರೆದರೆ ಸಾಕು, ಅದೇ ವೈಫೈ ಜಾಲದಲ್ಲಿರುವ ಅನ್ಯರು ಆ ಫೋನಿನ ಕಡತಗಳನ್ನು ಎಳೆದುಕೊಳ್ಳುವಂತಿತ್ತು. ಇಲ್ಲಿ ಕಂಡುದು ದುರುದ್ದೇಶಕ್ಕಿಂತ ಅಜಾಗರೂಕತೆಯೇ ಇರಬಹುದು. ಆದರೆ ಮನೆಯವನಿಗೆ ಆಗುವ ಹಾನಿಯಲ್ಲಿ ವ್ಯತ್ಯಾಸವಿಲ್ಲ.

‘ಕ್ಲೀನರ್’ ಎಂಬ ಹೆಸರಿನ ಆ್ಯಪುಗಳದು ಬೇರೆಯೇ ವೈಖರಿ. ಫೋನಿನ ಸ್ಮರಣಶಕ್ತಿಯನ್ನು ಗುಡಿಸಿ ವೇಗ ಹೆಚ್ಚಿಸುತ್ತೇವೆಂದೂ ಬ್ಯಾಟರಿ ಉಳಿಸುತ್ತೇವೆಂದೂ ಅವು ಸಾರುತ್ತವೆ. ವಾಸ್ತವದಲ್ಲಿ ಯಾವ ಆ್ಯಪನ್ನು ನೆನಪಿನಲ್ಲಿಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಂಡ್ರಾಯ್ಡ್ ತಾನೇ ನೋಡಿಕೊಳ್ಳುತ್ತದೆ. ಬಲವಂತವಾಗಿ ಮುಚ್ಚಿದ ಆ್ಯಪುಗಳು ಮತ್ತೆ ಮೊದಲಿನಿಂದ ಎದ್ದು ಬರಬೇಕಾದುದರಿಂದ ಬ್ಯಾಟರಿಯ ಖರ್ಚು ಹೆಚ್ಚುವುದೂ ಉಂಟು. ವೈರಸ್ ಹಿಡಿಯುತ್ತೇವೆನ್ನುವ ಆ್ಯಪುಗಳ ಸ್ಥಿತಿಯೂ ಅಷ್ಟೇ. ೨೦೧೯ರಲ್ಲಿ ಆಸ್ಟ್ರಿಯಾ ದೇಶದ ಎವಿ-ಕಂಪ್ಯಾರಟಿವ್ಸ್ ಎಂಬ ಪರೀಕ್ಷಾಸಂಸ್ಥೆ ಅಂಥ ೨೫೦ ಆ್ಯಪುಗಳನ್ನು ಒರೆಗೆ ಹಚ್ಚಿದಾಗ, ದುಷ್ಟ ಆ್ಯಪುಗಳಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚನ್ನು ಹಿಡಿದವು ೮೦ ಮಾತ್ರ. ಉಳಿದವು ಹೆಸರಿಗೆ ಕಾವಲುಗಾರರು.

ನಮ್ಮ ದೇಶದಲ್ಲಿ ೨೦೨೦ರ ಜೂನ್ ೨೯ರಂದು ಕೇಂದ್ರ ಸರಕಾರವು ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೯ಎ ವಿಧಿಯ ಪ್ರಕಾರ, ದೇಶದ ಸಾರ್ವಭೌಮತ್ವ ಹಾಗೂ ಭದ್ರತೆಯ ಕಾರಣದಿಂದ ೫೯ ಆ್ಯಪುಗಳನ್ನು ನಿಷೇಧಿಸಿತು. ‘ಟಿಕ್‌ಟಾಕ್’ ನಿಷೇಧವಾಯಿತೆಂಬುದನ್ನೇ ಎಲ್ಲರೂ ಮಾತನಾಡಿಕೊಂಡರು. ಆದರೆ ಆ ಪಟ್ಟಿಯನ್ನು ತೆರೆದು ನೋಡಿದರೆ ಕಿರುಸಾಧನಗಳೇ ಸಾಲುಗಟ್ಟಿ ನಿಂತಿವೆ: ಕಡತ ಹಂಚುವ ‘ಶೇರ್‌ಇಟ್’, ‘ಜೆಂಡರ್’; ಮೇಲೆ ಹೇಳಿದ ಕ್ಯಾಮ್‌ಸ್ಕ್ಯಾನರ್, ಈಎಸ್ ಫೈಲ್ ಎಕ್ಸ್‌ಪ್ಲೋರರ್; ‘ಕ್ಲೀನ್ ಮಾಸ್ಟರ್’, ‘ವೈರಸ್ ಕ್ಲೀನರ್’, ‘ಡಿಯು ಬ್ಯಾಟರಿ ಸೇವರ್’ ಇತ್ಯಾದಿ. ನಮ್ಮ ಕೇರಳದಲ್ಲಿ ಅದೇ ಜೂನ್ ತಿಂಗಳ ಮೊದಲನೆಯ ತಾರೀಕಿನಂದು ‘ಫಸ್ಟ್ ಬೆಲ್’ ಪಾಠಗಳು ಆರಂಭವಾಗಿ, ಫೋನೆಂಬುದು ಮಕ್ಕಳ ಕೈಗೆ ಪಾಠೋಪಕರಣವಾಗಿ ಬಂದಿದ್ದಿತೆಂಬುದನ್ನು ನೆನೆದರೆ, ಈ ವಿಷಯ ಶಾಲೆಗೆ ಎಷ್ಟು ಹತ್ತಿರದ್ದೆಂಬುದು ವಿಶದವಾಗುತ್ತದೆ.

ಕೀಲಿಮಣೆ ಮತ್ತು ನಮ್ಮ ನುಡಿ

ಗಡಿನಾಡಿನ ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದ ಒಂದು ಸಾಧನ ಕೀಲಿಮಣೆ. ಕನ್ನಡದಲ್ಲಿ ಬರೆಯಬೇಕೆಂಬ ಅಭಿಮಾನವುಳ್ಳವರು ಫೋನಿನಲ್ಲಿ ಕನ್ನಡ ಕಾಣದಿದ್ದಾಗ ಹೊರಗಿನ ಕೀಲಿಮಣೆಗಳನ್ನು ತಂದುಕೊಳ್ಳುವುದು ವಾಡಿಕೆ. ಆದರೆ ಬೇರೆಲ್ಲ ಸಾಧನಗಳಿಗಿಂತ ಹೆಚ್ಚಿನ ವಿಶ್ವಾಸವನ್ನು ಬೇಡುವುದು ಇದೇ. ಏಕೆಂದರೆ ನಾವು ಬರೆಯುವ ಪ್ರತಿಯೊಂದು ಅಕ್ಷರವೂ ಇದರ ಕೈಯಿಂದಲೇ ಹಾದುಹೋಗಬೇಕು. ೨೦೧೭ರ ಡಿಸೆಂಬರಿನಲ್ಲಿ ‘ಎಐ.ಟೈಪ್’ ಎಂಬ ಕೀಲಿಮಣೆಯನ್ನು ಬಳಸುತ್ತಿದ್ದ ಮೂರು ಕೋಟಿ ಹತ್ತು ಲಕ್ಷ ಜನರ ವಿವರಗಳು, ರಕ್ಷಣೆಯಿಲ್ಲದ ಭಂಡಾರವೊಂದರಲ್ಲಿ ಯಾರು ಬೇಕಾದರೂ ಓದುವಂತೆ ಬಿದ್ದಿದ್ದುದು ಪತ್ತೆಯಾಯಿತು. ಇಂದು ಆಂಡ್ರಾಯ್ಡ್ ಹಾಗೂ ಐಫೋನ್ ಎರಡರಲ್ಲಿಯೂ ಕನ್ನಡದ ಕೀಲಿಮಣೆಯನ್ನು ಗೂಗಲ್ ಮತ್ತು ಆಪಲ್ ಕಂಪೆನಿಗಳೇ ಒದಗಿಸುತ್ತಿವೆ. ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ವನ್ನು ಆರಿಸಿದರೆ ಸಾಕು, ಅನ್ಯರ ಮನೆಯ ಬಾಗಿಲಿಗೆ ಹೋಗಬೇಕಾದ ಅಗತ್ಯವಿಲ್ಲ.

ನುಡಿಯ ಮಾತು ಬಂದುದರಿಂದ ನಮ್ಮ ಮನಸ್ಸಿನಲ್ಲಿರುವ ಮುಖ್ಯವಾದ ವಿಚಾರವನ್ನು ಇಲ್ಲಿಯೇ ಹೇಳುತ್ತೇವೆ. ಅನುಮತಿಯ ಪ್ರಶ್ನೆಯು ಯಜಮಾನನ ಕೈಯಲ್ಲಿರುವ ಕಟ್ಟಕಡೆಯ ಬೀಗ. ಆ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೆ, ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ ಅಜ್ಜಿಗೆ ಅದು ಪ್ರಶ್ನೆಯಾಗಿ ಕಾಣುವುದಿಲ್ಲ. ದಾರಿಗಡ್ಡವಾಗಿ ಬಂದ ಒಂದು ತಡಿಕೆಯಾಗಿ ಕಾಣುತ್ತದೆ. ತಡಿಕೆಯನ್ನು ಸರಿಸುವಂತೆ ಅವರು ‘ಅಲೋ’ ಎಂಬ ಗುಂಡಿಯನ್ನು ಒತ್ತಿಬಿಡುತ್ತಾರೆ. ಪ್ರಶ್ನೆಯೇ ತಿಳಿಯದವರು ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬಹುದೇ? ಆಂಡ್ರಾಯ್ಡ್ ಫೋನುಗಳಲ್ಲಿ ಇಡೀ ಯಂತ್ರದ ಭಾಷೆಯನ್ನೇ ಕನ್ನಡಕ್ಕೆ ಬದಲಾಯಿಸುವ ಅನುಕೂಲವಿದೆ. ಹಾಗೆ ಮಾಡಿದರೆ ‘ನಿಮ್ಮ ಸಂದೇಶಗಳನ್ನು ಓದಲು ಅನುಮತಿಸಬೇಕೇ?’ ಎಂಬಂಥ ಪ್ರಶ್ನೆ ಅವರಿಗೆ ತಿಳಿಯುವ ನುಡಿಯಲ್ಲಿಯೇ ಬರುತ್ತದೆ. ಭಾಷಾಭಿಮಾನಕ್ಕೂ ಮನೆಯ ಹಣದ ರಕ್ಷಣೆಗೂ ಇಷ್ಟು ನೇರವಾದ ಸಂಬಂಧವಿರುವುದು ನಮ್ಮ ಜನರಿಗೆ ಇನ್ನೂ ಮನದಟ್ಟಾಗಿಲ್ಲ.

ಪರೀಕ್ಷೆಯ ಕ್ರಮ

ಇನ್ನು ಮಾಡತಕ್ಕುದೇನೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಬೇಕಾದ ಸಾಧನ ಫೋನಿನಲ್ಲಿಯೇ ಇದೆಯೇ ಎಂದು ನೋಡಬೇಕು. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವವರೇ ನಮ್ಮಲ್ಲಿ ಹೆಚ್ಚು. ಟಾರ್ಚು ಪರದೆಯನ್ನು ಮೇಲಿನಿಂದ ಕೆಳಕ್ಕೆಳೆದರೆ ಸಿಗುತ್ತದೆ. ಕ್ಯೂಆರ್ ಮುದ್ರೆಯನ್ನು ಈಗಿನ ಬಹುತೇಕ ಫೋನುಗಳ ಕ್ಯಾಮರಾವೇ ಓದುತ್ತದೆ. ಕಾಗದದ ಪ್ರತಿ ತೆಗೆಯಲು ಆಂಡ್ರಾಯ್ಡಿನಲ್ಲಿ ಗೂಗಲ್ ಡ್ರೈವ್, ಐಫೋನಿನಲ್ಲಿ ನೋಟ್ಸ್ ಸಾಕು. ಪಕ್ಕದ ಫೋನಿಗೆ ಚಿತ್ರ ಕಳುಹಿಸಲು ಆಂಡ್ರಾಯ್ಡಿನಲ್ಲಿ ‘ಕ್ವಿಕ್ ಶೇರ್’ ಇದೆ.

ಎರಡನೆಯದಾಗಿ, ಕೆಲಸಕ್ಕೆ ತಕ್ಕಷ್ಟೇ ಅನುಮತಿ. ಲೆಕ್ಕಯಂತ್ರಕ್ಕೂ ಟಾರ್ಚಿಗೂ ಯಾವ ಅಪ್ಪಣೆಯೂ ಬೇಡ. ಸ್ಕ್ಯಾನರಿಗೆ ಕ್ಯಾಮರಾ ಬೇಕು, ವಿಳಾಸಪಟ್ಟಿ ಬೇಡ. ಧ್ವನಿ ಮುದ್ರಿಸುವುದಕ್ಕೆ ಮೈಕು ಬೇಕು, ಸಂದೇಶ ಬೇಡ. ಸಂದೇಶಗಳನ್ನು ಓದುವ ಅನುಮತಿಯನ್ನು ಕಿರುಸಾಧನ ಯಾವುದೇ ಕೇಳಿದರೂ ಅದನ್ನು ಕೂಡಲೇ ತೆಗೆದುಹಾಕತಕ್ಕದ್ದು. ಓಟಿಪಿ ಬರುವುದು ಅಲ್ಲಿಗೇ. ಇನ್ನೊಂದು ‘ಆ್ಯಕ್ಸೆಸಿಬಿಲಿಟಿ’ ಎಂಬ ಅನುಮತಿ. ಕಣ್ಣು ಕಾಣದವರಿಗೂ ಕೈ ಆಡದವರಿಗೂ ಸಹಾಯವಾಗಲೆಂದು ರಚಿಸಿದ ಈ ಸೌಲಭ್ಯಕ್ಕೆ ಪರದೆಯನ್ನು ಓದುವ, ಗುಂಡಿಗಳನ್ನು ತಾನೇ ಒತ್ತುವ ಶಕ್ತಿಯಿದೆ. ದುಷ್ಟರ ಕೈಗೆ ಅದು ಸಿಕ್ಕಿತೆಂದರೆ ಫೋನೇ ಅವರದಾದಂತೆ.

ಮೂರನೆಯದಾಗಿ, ವಾಟ್ಸ್‌ಆ್ಯಪಿನಲ್ಲಿ ಬರುವ ‘ಎಪಿಕೆ’ ಎಂಬ ಕೊನೆಯಕ್ಷರಗಳುಳ್ಳ ಕಡತವನ್ನು ಯಾರು ಕಳುಹಿಸಿದರೂ ತೆರೆಯಬಾರದು. ೨೦೨೪ರಲ್ಲಿ ಮದುವೆಯ ಕರೆಯೋಲೆಯ ವೇಷದಲ್ಲಿಯೇ ಇಂಥವು ನಮ್ಮ ದೇಶದಲ್ಲಿ ಓಡಾಡಿದುವು. ಕರೆಯೋಲೆ ಚಿತ್ರವಾಗಿ ಬರುತ್ತದೆ, ಆ್ಯಪಾಗಿ ಬರುವುದಿಲ್ಲ.

ನಾಲ್ಕನೆಯದಾಗಿ, ತಿಂಗಳಿಗೊಮ್ಮೆ ಆ್ಯಪುಗಳ ಪಟ್ಟಿಯನ್ನು ತೆರೆದು, ಬಳಸದಿರುವುದನ್ನು ಕಳೆಯಬೇಕು. ಒಂದು ವೇಳೆ ಹಣ ಹೋದದ್ದು ಗೊತ್ತಾದರೆ ನಾಚಿಕೆಪಟ್ಟು ಮುಚ್ಚಿಡದೆ, ತಡಮಾಡದೆ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರವಾಣಿ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲಿಯೇ ತಡೆಯುವ ಅವಕಾಶ ಹೆಚ್ಚು.

ವಿದ್ಯಾರ್ಥಿಗಳ ಪಾಲಿನ ಕೆಲಸ

ತಯಾರಕರು ತಮ್ಮ ಕರ್ತವ್ಯವನ್ನು ತಡವಾಗಿಯಾದರೂ ಮಾಡುತ್ತಿದ್ದಾರೆ. ಬೇಕಾದ ಸಾಧನಗಳು ಒಂದೊಂದಾಗಿ ಯಂತ್ರದೊಳಗೇ ಬರುತ್ತಿವೆ. ಬಹುದಿನ ಬಳಸದ ಆ್ಯಪುಗಳಿಗೆ ಕೊಟ್ಟ ಅನುಮತಿಗಳನ್ನು ಹೊಸ ಆಂಡ್ರಾಯ್ಡ್ ತಾನೇ ಹಿಂದೆಗೆಯುತ್ತದೆ. ಆದರೆ ಹಳೆಯ ಫೋನುಗಳು ನಮ್ಮ ಮನೆಗಳಲ್ಲಿ ಇನ್ನೂ ಬಹಳ ವರ್ಷ ಇರುತ್ತವೆ. ಮಗನು ಹೊಸದನ್ನು ಕೊಂಡಾಗ ಹಳೆಯದು ಅಮ್ಮನಿಗೆ, ಅಮ್ಮನಿಂದ ಅಜ್ಜನಿಗೆ ಹೋಗುತ್ತದೆ. ಎಲ್ಲರಿಗಿಂತ ಕಡಮೆ ರಕ್ಷಣೆಯುಳ್ಳ ಯಂತ್ರ ಎಲ್ಲರಿಗಿಂತ ಕಡಮೆ ಪರಿಚಯವುಳ್ಳವರ ಕೈ ಸೇರುವುದು ಹೀಗೆ.

ಆದುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ನಾವು ಕೇಳಿಕೊಳ್ಳುವುದಿಷ್ಟೆ. ಈ ರಜೆಯಲ್ಲಿ ನಿಮ್ಮ ಮನೆಯ ಹಿರಿಯರೊಬ್ಬರ ಬಳಿಯಲ್ಲಿ ಕುಳಿತು, ಅವರ ಅಪ್ಪಣೆ ಪಡೆದು, ಅವರ ಫೋನಿನ ಭಾಷೆಯನ್ನು ಕನ್ನಡಕ್ಕೆ ತನ್ನಿ. ಅದರೊಳಗಿನ ಒಂದೊಂದು ಆ್ಯಪನ್ನೂ ತೋರಿಸಿ, ‘ಇದು ನಿಮಗೆ ಏತಕ್ಕೆ ಬೇಕು? ಇದು ಏನನ್ನೆಲ್ಲ ಕೇಳಿದೆ?’ ಎಂದು ಅವರಿಗೆ ತಿಳಿಯುವಂತೆ ಓದಿ ಹೇಳಿ. ಬೇಡವಾದುದನ್ನು ಅವರ ಬೆರಳಿನಿಂದಲೇ ತೆಗೆಸಿ. ಹಿರಿಯರನ್ನು ಹೀಯಾಳಿಸದಿರಿ, ಅವರು ನಿಮಗೆ ಅಕ್ಷರ ಕಲಿಸಲು ಶಾಲೆಗೆ ಕಳುಹಿಸಿದವರು. ಕಲಿತ ಅಕ್ಷರವನ್ನು ಅವರ ರಕ್ಷಣೆಗೆ ಬಳಸುವುದು ನಿಮ್ಮ ಓದಿಗೆ ದೊರೆಯಬಹುದಾದ ಉತ್ತಮ ಪರೀಕ್ಷೆ. ಆ ಪರೀಕ್ಷೆಯಲ್ಲಿ ನಮ್ಮ ಮಕ್ಕಳೆಲ್ಲರೂ ಉತ್ತೀರ್ಣರಾಗಲೆಂದು ಹಾರೈಸುತ್ತೇವೆ.